ತೋಟಾ ಕೋವಿಯ ಬೋರು: ಸುಗಟೂರು ಸೀಮೆಯಿಂದ ಕೊಡಗಿನವರೆಗೆ ಒಂದು ಆಯ್ಕೆಯ ಚರಿತ್ರೆ

ಸುಗಟೂರು ಪ್ರಭುಗಳ ಆಳ್ವಿಕೆಯಲ್ಲಿದ್ದ ಕೋಲಾರದ ಬಯಲು 17ನೆಯ ಶತಮಾನದಲ್ಲಿ ಬಿಜಾಪುರದ ವಶವಾಗಿ ಷಹಾಜಿಯ ಜಹಗೀರಿಗೆ ಸೇರಿತು. ಮುಂದೆ ಇದೇ ಸೀಮೆಯ ಬೂದಿಕೋಟೆಯಲ್ಲಿ ಹೈದರಾಲಿ ಹುಟ್ಟಿದ. ಈ ಅವಧಿಯ ಕೋವಿಗಳೆಲ್ಲ ನಳಿಗೆಯ ಬಾಯಿಂದ ಮದ್ದು ಗುಂಡು ಜಡಿದು, ಬತ್ತಿಯಿಂದಲೋ ಚಕಮಕಿ ಕಲ್ಲಿನಿಂದಲೋ ಕಿಡಿ ಹಚ್ಚುವಂಥವು. ನಳಿಗೆಗಳನ್ನು ಕೈಯಲ್ಲೇ ರೂಪಿಸುತ್ತಿದ್ದುದರಿಂದ ಒಂದರ ಒಳ ಅಗಲ ಇನ್ನೊಂದಕ್ಕೆ ತಾಳೆಯಾಗುತ್ತಿರಲಿಲ್ಲ. ಬೋರಿನ, ಅಂದರೆ ನಳಿಗೆಯ ಒಳ ಅಗಲದ, ಆಯ್ಕೆಯ ಪ್ರಶ್ನೆ ನಿಜಕ್ಕೂ ಹುಟ್ಟಿದ್ದು ಮದ್ದು, ಚರೆ, ಕಿಡಿ ಹೊತ್ತಿಸುವ ಕೇಪು ಮೂರನ್ನೂ ಒಂದೇ ಕೊಳವೆಯಲ್ಲಿ ಅಡಕ ಮಾಡಿದ ತೋಟಾ 19ನೆಯ ಶತಮಾನದ ಉತ್ತರಾರ್ಧದಲ್ಲಿ ಬಳಕೆಗೆ ಬಂದಾಗ, ಏಕೆಂದರೆ ತೋಟಾ ನಳಿಗೆಗೆ ಸರಿಯಾಗಿ ಕೂರಲೇಬೇಕು.

ಒಂದು ಪೌಂಡ್ ಸೀಸದಿಂದ ನಳಿಗೆಯ ಒಳ ಅಗಲಕ್ಕೆ ಹೊಂದುವ ಎಷ್ಟು ಸಮಾನ ಗುಂಡುಗಳನ್ನು ಎರಕ ಹೊಯ್ಯಬಹುದೋ ಆ ಸಂಖ್ಯೆಯೇ ಬೋರು; ಆದುದರಿಂದ ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದಾಗುತ್ತದೆ. 12 ಬೋರಿನ ಒಳ ಅಗಲ ಸುಮಾರು 18.5 ಮಿ.ಮೀ., 16ರದು 16.8, 20ರದು 15.6. ಈ ಲೆಕ್ಕಕ್ಕೆ ಹೊರತಾದ .410 ಮಾತ್ರ ಅಂಗುಲದ ಅಳತೆಯ ಹೆಸರು. ದೊಡ್ಡ ಬೋರಿನ ಚರೆ ಹೆಚ್ಚು ವೇಗವಾಗಿ ಹಾರುತ್ತದೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ: ವೇಗ ಹೆಚ್ಚುಕಡಿಮೆ ಒಂದೇ, ಬದಲಾಗುವುದು ತೋಟಾ ಹೊರುವ ಚರೆಯ ತೂಕ ಮತ್ತು ಅದರೊಂದಿಗೆ ಹೆಗಲಿಗೆ ಬೀಳುವ ಒದೆತ. ಹಕ್ಕಿಗೆ ಸಣ್ಣ ಚರೆ, ಹಂದಿಗೆ ಎಸ್.ಜಿ. ಅಥವಾ ಎಲ್.ಜಿ. ಎಂಬ ದಪ್ಪ ಚರೆ ಎಂದು ಬೇಟೆಗಾರರು ಆಯ್ದುಕೊಳ್ಳುತ್ತಿದ್ದರು. ಒಂದೇ ನಳಿಗೆಯಲ್ಲಿ ಎರಡೂ ಕೆಲಸ ಸಾಗುತ್ತಿದ್ದುದೇ 12 ಬೋರಿನ ಬಲ.

ಕರ್ನಾಟಕದಲ್ಲಿ ಈ ಆಯ್ಕೆಯನ್ನು ನಿರ್ಧರಿಸಿದ್ದು ಅಭಿರುಚಿಗಿಂತ ಹೆಚ್ಚಾಗಿ ಕಾನೂನು ಮತ್ತು ತೋಟಾದ ಲಭ್ಯತೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಕಲಮು ರಕ್ಷಣೆ ಅಥವಾ ಕ್ರೀಡೆಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಯ ನಳಿಗೆಯ ಕೋವಿಯನ್ನೂ, ಬೆಳೆ ರಕ್ಷಣೆಗೆ ಬಾಯಿ ತುಂಬುವ ಕೋವಿಯನ್ನೂ ಹೆಸರಿಸಿತು. ಹೀಗಾಗಿ ಹೊಲ ಕಾಯುವ ರೈತನ ಪಾಲಿಗೆ ಬಂದದ್ದು ಬಾಯಿ ತುಂಬುವ ಕೇಪಿನ ಕೋವಿ. ಬೋರಿನ ಚರ್ಚೆ ಅವನ ಬದುಕನ್ನು ಬಹುಮಟ್ಟಿಗೆ ಮುಟ್ಟಲಿಲ್ಲ. ಕೊಡಗಿನ ಸ್ಥಿತಿ ಬೇರೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಶಸ್ತ್ರ ಕಾನೂನಿನಿಂದ ಕೊಡವರಿಗೆ ನೀಡಿದ ವಿನಾಯಿತಿ ಸ್ವಾತಂತ್ರ್ಯಾನಂತರವೂ ಮುಂದುವರಿದು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಂದು ಹೂ ಮುಡಿಸಿಕೊಂಡು ಪೂಜೆಗೊಳ್ಳುವ ಕೋವಿ ಅಲ್ಲಿ ಮನೆತನದ ಸ್ವತ್ತು.

ಸರ್ಕಾರಿ ಶಸ್ತ್ರ ಕಾರ್ಖಾನೆಗಳು ನಾಗರಿಕರಿಗೆ ತಯಾರಿಸಿದ ನಯ ನಳಿಗೆಯ ಕೋವಿಗಳಲ್ಲಿ 12 ಬೋರಿನವೇ ಪ್ರಧಾನವಾದುದರಿಂದ, ಅಜ್ಜಂದಿರಿಂದ ಬಂದ 16 ಬೋರಿನ ಜೋಡು ನಳಿಗೆಗಳಿಗೆ ತೋಟಾ ಸಿಗುವುದು ದುರ್ಲಭವಾಯಿತು. ಹಳೆಯ 12 ಬೋರೂ ನಿರಪಾಯವಲ್ಲ: 65 ಮಿ.ಮೀ. ತೋಟಾಕ್ಕೆಂದು ಕೊರೆದ ಕೋಶಕ್ಕೆ 70 ಮಿ.ಮೀ. ತೋಟಾ ಹಾಕಿದರೆ, ತೋಟಾದ ತುದಿಯ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. 20 ಬೋರಿನ ತೋಟಾ 12ರ ನಳಿಗೆಯೊಳಗೆ ಜಾರಿ ಸಿಕ್ಕಿಕೊಂಡಿರುವಾಗ ಹಿಂದಿನಿಂದ ಇನ್ನೊಂದನ್ನು ಹಾರಿಸಿದರೆ ನಳಿಗೆಯೇ ಸಿಡಿಯುತ್ತದೆ. 20 ಬೋರಿನ ತೋಟಾಕ್ಕೆ ಹಳದಿ ಬಣ್ಣ ರೂಢಿಗೆ ಬಂದದ್ದು ಈ ಗೊಂದಲವನ್ನು ತಪ್ಪಿಸಲು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ 1991ರ ತಿದ್ದುಪಡಿಯ ತರುವಾಯ ಬೇಟೆ ಈ ಆಯ್ಕೆಯಿಂದ ಕಳಚಿಹೋಗಿ, ಪರವಾನಗಿ ಕೋರುವವನ ಮುಂದೆ ಉಳಿದದ್ದು ಆತ್ಮರಕ್ಷಣೆ, ಬೆಳೆ ರಕ್ಷಣೆ ಮತ್ತು ಗುರಿ ಕ್ರೀಡೆ.