ಪಣ, ಸಾಲ, ಚಿಕಿತ್ಸೆ: ಚಿಕ್ಕಬಳ್ಳಾಪುರ ಸೀಮೆಯಲ್ಲಿ ಜೂಜಿನ ಪ್ರಶ್ನೆ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ ಎಂದೊಡನೆ ನೆನಪಾಗುವುದು 1938ರ ಏಪ್ರಿಲ್ 25ರ ಗೋಲಿಬಾರು. ಊರಿಗೆ ಹೆಸರು ಬಂದದ್ದು ಅದಕ್ಕಿಂತ ಹಳೆಯದೊಂದು ನಂಬಿಕೆಯಿಂದ: ಅಲ್ಲಿನ ಅಶ್ವತ್ಥವನ್ನು ನೆಟ್ಟವನು ಮಹಾಭಾರತದ ವಿದುರ ಎನ್ನುತ್ತಾರೆ. ದ್ಯೂತದ ಸುದ್ದಿ ತಿಳಿದಾಗ ಆ ವಿದುರ ಮೊದಲು ಹೋದದ್ದು ಧೃತರಾಷ್ಟ್ರನ ಬಳಿಗೆ; ಧರ್ಮರಾಯನಿಗೆ ಬುದ್ಧಿ ಹೇಳಿದ್ದು ಆಮೇಲೆ. ಆಡುವವನಿಗಿಂತ ಮೊದಲು ಆಟಕ್ಕೆ ಅಪ್ಪಣೆ ಕೊಡುವವನನ್ನು ಕೇಳಬೇಕೆಂಬ ಈ ಕ್ರಮ ಇಂದಿನ ಚರ್ಚೆಯಲ್ಲಿ ತಲೆಕೆಳಗಾಗಿದೆ. ಚಟ ಹತ್ತಿದವನನ್ನು ಊರು ಬೈಯುತ್ತದೆ, ಪೊಲೀಸರು ಹಿಡಿಯುತ್ತಾರೆ, ಸಾಲ ಕೊಟ್ಟವರು ಮನೆ ಬಾಗಿಲಿಗೆ ಬರುತ್ತಾರೆ. ವೈದ್ಯರ ಬಳಿಗೆ ಕರೆದೊಯ್ಯುವವರು ಕಡಿಮೆ. ಜೂಜಿನ ಚಟವನ್ನು ಪೊಲೀಸ್ ಠಾಣೆಯ ವಿಷಯವೆಂದಷ್ಟೇ ನೋಡಿದರೆ ಸಾಲದು, ತಾಲ್ಲೂಕು ಆಸ್ಪತ್ರೆಯ ವಿಷಯವೆಂದೂ ನೋಡಬೇಕು ಎಂಬುದು ಈ ಲೇಖನದ ವಾದ.

ಪ್ರಭುತ್ವ ಮತ್ತು ಪಣದ ನಂಟು ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರ ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನೇ ನೇಮಿಸುತ್ತದೆ. ಗೆದ್ದ ಹಣದಲ್ಲಿ ನೂರಕ್ಕೆ 5 ಪಾಲು ರಾಜನಿಗೆ. 2023ರ ಅಕ್ಟೋಬರ್ 1ರಿಂದ ಆನ್‌ಲೈನ್ ಹಣದಾಟಗಳ ಮೇಲೆ ಬಿದ್ದ ಶೇ 28ರ ಜಿಎಸ್‌ಟಿ ಅದೇ ವಂಶದ್ದು. ಕರ್ನಾಟಕ ಪೊಲೀಸ್ ಕಾಯ್ದೆ, 1963 ಮಾತ್ರ ಬೇರೆ ದಾರಿ ಹಿಡಿಯಿತು. ಅದರ 79 ಮತ್ತು 80ನೇ ಕಲಮುಗಳು ಜೂಜಿನ ಅಡ್ಡೆಗಳಿಗೆ, 87ನೆಯದು ಬೀದಿಯಲ್ಲಿ ಆಡುವವರಿಗೆ. ಜಿಲ್ಲೆಯ ಪತ್ರಿಕಾ ಪುಟಗಳಲ್ಲಿ ಕಾಣುವ ‘ಅಂದರ್ ಬಾಹರ್ ಆಡುತ್ತಿದ್ದವರ ಬಂಧನ, ಪಣಕ್ಕಿಟ್ಟಿದ್ದ ನಗದು ವಶ’ ಎಂಬ ಸುದ್ದಿಗಳ ಹಿಂದಿರುವುದು ಈ ಕಲಮುಗಳೇ. ಯುಗಾದಿಯ ಹೊತ್ತಿನಲ್ಲಿ ಹಳೆ ಮೈಸೂರಿನ ಹಳ್ಳಿಗಳಲ್ಲಿ ಇಸ್ಪೀಟು ಹರವಿ ಕೂರುವುದು ರೂಢಿ. ಅದು ಮೂರು ದಿನಕ್ಕೆ ಮುಗಿಯುತ್ತಿತ್ತು, ಸೋತದ್ದು ಎಷ್ಟೆಂಬುದು ಕೂತವರಿಗೆಲ್ಲ ಗೊತ್ತಿರುತ್ತಿತ್ತು.

ಫೋನಿನ ಆಟಕ್ಕೆ ಈ ಎರಡು ಗಡಿಯೂ ಇಲ್ಲ. ಕ್ರಿಕೆಟ್ ಬೆಟ್ಟಿಂಗ್‌ನಲ್ಲಿ ಬುಕ್ಕಿ ಒಂದು ‘ಐಡಿ’ ಕೊಡುತ್ತಾನೆ. ಹಣ ಯುಪಿಐ ಮೂಲಕ, ಬಹಳ ಸಲ ಬೇರೆ ಯಾರದೋ ಖಾತೆಗೆ ಹೋಗುತ್ತದೆ. ಪಂದ್ಯ ಯಾರು ಗೆಲ್ಲುತ್ತಾರೆ ಎಂಬ ಒಂದೇ ಪಣದ ಕಾಲ ಹೋಗಿ ಆರು ಓವರಿನ ‘ಸೆಷನ್’ಗೆ ಎಷ್ಟು ರನ್, ಮುಂದಿನ ಚೆಂಡಿಗೆ ಏನಾಗುತ್ತದೆ ಎಂಬಲ್ಲಿಗೆ ಬಂದಿದೆ. ಪಣ ಕಟ್ಟುವುದಕ್ಕೂ ಫಲ ತಿಳಿಯುವುದಕ್ಕೂ ನಡುವಿನ ಸಮಯ ಕಿರಿದಾದಷ್ಟೂ ಮನಸ್ಸಿಗೆ ಹಿಂಜರಿಯಲು ಬಿಡುವು ಸಿಗುವುದಿಲ್ಲ. ಹಾಸಿಗೆಯಲ್ಲಿ ಮಲಗಿಯೇ ಒಂದು ಬೆಳೆಯ ದುಡ್ಡು ಕರಗಿದರೂ ಪಕ್ಕದವರಿಗೆ ಗೊತ್ತಾಗುವುದಿಲ್ಲ.

ಬೆಳೆಯ ದುಡ್ಡು ಎಂದದ್ದು ಸುಮ್ಮನೆ ಅಲ್ಲ. ಈ ಸೀಮೆಯಲ್ಲಿ ತಿಂಗಳ ಸಂಬಳಕ್ಕಿಂತ ಇಡಿಗಂಟಿನ ಆದಾಯ ನೆಚ್ಚಿದ ಮನೆಗಳು ಬಹಳ. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರ ಚಾಕಿ ಹುಳು ತಂದು, ಹೊತ್ತುಹೊತ್ತಿಗೆ ಸೊಪ್ಪು ಕೊಟ್ಟು, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಮಾರುಕಟ್ಟೆಗೆ ಹೊರುವುದು ತಿಂಗಳೊಪ್ಪತ್ತಿನ ದುಡಿಮೆ. ನಡುವೆ ಸುಣ್ಣಕಟ್ಟು ರೋಗ ಬಂದರೆ ಎಲ್ಲವೂ ತಿಪ್ಪೆಗೆ. ಬೆಳೆ ಕೈಗೆ ಬಂದರೂ ಹರಾಜಿನಲ್ಲಿ ರೀಲರ್ ಎಷ್ಟಕ್ಕೆ ಕೂಗುತ್ತಾನೆಂಬುದು ಆ ಬೆಳಿಗ್ಗೆಯ ಮಾತು. ಚಿಂತಾಮಣಿಯ ಟೊಮೆಟೊ ಕಥೆಯೂ ಅದೇ: 2023ರ ಜುಲೈನಲ್ಲಿ ಚಿಲ್ಲರೆ ಬೆಲೆ ಕಿಲೋಗೆ 100 ರೂಪಾಯಿ ದಾಟಿತು, ಬೇರೆ ಋತುಗಳಲ್ಲಿ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿದದ್ದುಂಟು. ಬೇಸಾಯ ಜೂಜಲ್ಲ, ಅಲ್ಲಿ ಬೆವರಿದೆ, ಅನುಭವವಿದೆ. ಆದರೆ ‘ಈ ಸಲ ಹೋಯಿತು, ಮುಂದಿನ ಬೆಳೆಯಲ್ಲಿ ಎತ್ತುತ್ತೇನೆ’ ಎಂಬ ಮಾತು ಹೊಲದಲ್ಲಿ ಧೈರ್ಯ, ಬೆಟ್ಟಿಂಗ್ ಪರದೆಯ ಮುಂದೆ ಅಪಾಯ. ಕಳೆದದ್ದನ್ನು ಅಲ್ಲೇ ಹುಡುಕಲು ಮರುದಿನ ಮತ್ತೆ ಆಡುವುದನ್ನು ಮನೋವೈದ್ಯರು ಚಟದ ಲಕ್ಷಣಗಳಲ್ಲಿ ಒಂದಾಗಿ ಎಣಿಸುತ್ತಾರೆ.

ಅಮೆರಿಕದ ಮನೋವೈದ್ಯಕೀಯ ಸಂಘ 1980ರಲ್ಲೇ ಮಿತಿಮೀರಿದ ಜೂಜನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2013ರ ಪರಿಷ್ಕರಣೆಯಲ್ಲಿ ಅದನ್ನು ಮದ್ಯ, ಮಾದಕ ವಸ್ತುಗಳ ಚಟದ ಸಾಲಿಗೆ ತಂದಿತು. ಒಂಬತ್ತು ಲಕ್ಷಣಗಳಲ್ಲಿ ನಾಲ್ಕು, ಒಂದು ವರ್ಷದೊಳಗೆ ಕಂಡರೆ ಕಾಯಿಲೆ ಎನ್ನಬಹುದು. ಹಳ್ಳಿಯ ಮಟ್ಟಕ್ಕೆ ಅಷ್ಟೂ ಬೇಡ. 1997ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಎರಡೇ ಪ್ರಶ್ನೆಗಳಿವೆ: ಪಣದ ಮೊತ್ತವನ್ನು ಏರಿಸುತ್ತಲೇ ಹೋಗಬೇಕು ಅನ್ನಿಸಿದೆಯೇ? ಎಷ್ಟು ಆಡಿದೆ ಎಂಬುದನ್ನು ಹತ್ತಿರದವರಿಂದ ಮುಚ್ಚಿಟ್ಟು ಸುಳ್ಳು ಹೇಳಿದ್ದುಂಟೇ? ಒಂದಕ್ಕೆ ಹೌದೆಂದರೂ ವೈದ್ಯರನ್ನು ಕಾಣುವುದು ಒಳ್ಳೆಯದು. ಆಶಾ ಕಾರ್ಯಕರ್ತೆಯೊಬ್ಬರು ಐದು ನಿಮಿಷದಲ್ಲಿ ಕೇಳಬಹುದಾದ ಮಾತಿದು.

‘ಜವಾಬ್ದಾರಿಯುತ ಆಟ’ ಎಂಬ ಮಾತು ಪರವಾನಗಿ ಪಡೆದ ಜೂಜಿರುವ ದೇಶಗಳದ್ದು. ಬ್ರಿಟನ್ 2020ರ ಏಪ್ರಿಲ್‌ನಲ್ಲಿ ಕ್ರೆಡಿಟ್ ಕಾರ್ಡಿನಿಂದ ಜೂಜಾಡುವುದನ್ನು ನಿಷೇಧಿಸಿತು. ‘ಗ್ಯಾಮ್‌ಸ್ಟಾಪ್’ ವ್ಯವಸ್ಥೆಯಲ್ಲಿ ಹೆಸರು ಬರೆಸಿದವರನ್ನು ಪರವಾನಗಿ ಪಡೆದ ಆನ್‌ಲೈನ್ ಕಂಪನಿಗಳು ಆಟಕ್ಕೆ ಸೇರಿಸಿಕೊಳ್ಳುವಂತಿಲ್ಲ. ಇಲ್ಲಿನ ಬುಕ್ಕಿಗೆ ಅಂಥ ಕಟ್ಟುಪಾಡು ಯಾವುದೂ ಇಲ್ಲ. 2021ರ ಅಕ್ಟೋಬರ್‌ನಲ್ಲಿ ಕರ್ನಾಟಕ ತಂದ ಆನ್‌ಲೈನ್ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. ಈಗಿರುವುದು 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರ ಕಾಯ್ದೆ. ಹಣದಾಟ ನಡೆಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ವಿದುರನ ಕ್ರಮಕ್ಕೆ ಕಾನೂನು ಹತ್ತಿರ ಬಂದದ್ದು ಇಲ್ಲಿ. ದೇಶದ 45 ಕೋಟಿ ಜನ ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದರೆಂಬುದು ಮಸೂದೆ ತಂದಾಗ ಸರ್ಕಾರ ಮುಂದಿಟ್ಟ ಅಂದಾಜು. ಆ್ಯಪ್ ಮುಚ್ಚಿದರೂ ಅವರ ಸಾಲ ಮುಚ್ಚಲಿಲ್ಲ, ಚಡಪಡಿಕೆಯೂ ನಿಲ್ಲಲಿಲ್ಲ.

ಹಾಗಾಗಿ ಮಿತಿ ಹಾಕುವ ಕೆಲಸ ಮನೆಯ ಮೇಲೆ ಬೀಳುತ್ತದೆ. ಕುದುರೆ ರೇಸಿನಂಥ ಕಾನೂನುಬದ್ಧ ಪಣವಾದರೂ ಕಳೆದರೆ ಚಿಂತೆಯಿಲ್ಲದ ಮೊತ್ತವನ್ನು ಮೊದಲೇ ನಿಗದಿ ಮಾಡಬೇಕು, ಸಾಲದ ದುಡ್ಡನ್ನು ಮುಟ್ಟಬಾರದು. ಚಟ ಹತ್ತಿದ ಮೇಲೆ ಮಿತಿಯ ಮಾತು ನಡೆಯುವುದಿಲ್ಲ, ಪೂರ್ತಿ ಬಿಡಬೇಕು. ಗೂಡಿನ ಹಣ ಬೀಳುವ ಖಾತೆಯನ್ನು ಸ್ವಲ್ಪ ಕಾಲ ಹೆಂಡತಿಯೋ ಅಣ್ಣನೋ ನೋಡಿಕೊಳ್ಳುವುದು, ಫೋನಿನಿಂದ ಯುಪಿಐ ತೆಗೆಯುವುದು ಅವಮಾನವಲ್ಲ, ಚಿಕಿತ್ಸೆಯ ಭಾಗ. ಈ ಕಾಯಿಲೆಗೆಂದೇ ಒಪ್ಪಿತವಾದ ಮಾತ್ರೆ ಇಲ್ಲ. ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಆಪ್ತಸಮಾಲೋಚನೆಯೇ ಮುಖ್ಯ, ಜತೆಗಿರುವ ಖಿನ್ನತೆಗೆ ಔಷಧ.

ಇದಕ್ಕೆ ದೂರ ಹೋಗಬೇಕಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಕನ್ನಡದಲ್ಲಿ, ಉಚಿತವಾಗಿ ಸಿಗುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ನಿಮ್ಹಾನ್ಸ್ ಕೇಂದ್ರಸ್ಥಾನ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರನ್ನು ಕಾಣಲು ಮನೋಚೈತನ್ಯ ಕಾರ್ಯಕ್ರಮವಿದೆ. ಫೋನಿನ ಗೀಳಿಗೆ 2014ರಿಂದ ನಿಮ್ಹಾನ್ಸ್‌ನ ‘ಶಟ್’ ಕ್ಲಿನಿಕ್ ಇದೆ. ‘ಬದುಕುವುದೇ ಬೇಡ’ ಎಂಬ ಮಾತು ಬಂದರೆ ಮಂಗಳವಾರಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು, ಒಂಟಿಯಾಗಿ ಬಿಡಬಾರದು.

ಸಾಲದ ದಾರಿ ಬೇರೆಯೇ. ಚಿಕಿತ್ಸೆಗೆ ಮೊದಲೇ ಹೊಲ ಮಾರಿ ಎಲ್ಲ ಸಾಲ ತೀರಿಸಿಬಿಟ್ಟರೆ ಹೊಸ ಸಾಲಕ್ಕೆ ಜಾಗ ಮಾಡಿಕೊಟ್ಟಂತೆ. ಯಾರಿಗೆ ಎಷ್ಟು ಎಂದು ಬರೆದು, ಮೀಟರ್ ಬಡ್ಡಿಯನ್ನು ಬ್ಯಾಂಕ್ ಸಾಲದಿಂದ ಬೇರ್ಪಡಿಸಿ, ಕಂತು ಮಾತಾಡುವುದು ಸರಿ. ಬಲವಂತದ ವಸೂಲಿಯ ವಿರುದ್ಧ 2025ರ ಫೆಬ್ರುವರಿಯಲ್ಲಿ ರಾಜ್ಯ ಹೊರಡಿಸಿದ ಸುಗ್ರೀವಾಜ್ಞೆ ಕಿರುಸಾಲದ ಕಿರುಕುಳಕ್ಕೆ 10 ವರ್ಷದವರೆಗೆ ಸೆರೆ ವಿಧಿಸಿತು. ಗಂಡನ ಪಣಕ್ಕೆ ಸಂಘದ ಸಾಲ ಹರಿದುಹೋಗಿದ್ದರೆ ಮೊದಲು ತಿಳಿಯುವುದು ಸ್ತ್ರೀಶಕ್ತಿ ಸಂಘದ ವಾರದ ಸಭೆಗೆ. ಆ ಎರಡು ಪ್ರಶ್ನೆಗಳನ್ನೂ 14416 ಎಂಬ ಸಂಖ್ಯೆಯನ್ನೂ ಆ ಸಭೆಗಳಿಗೆ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಗೋಡೆಗೆ, ಚಿಂತಾಮಣಿಯ ಮಂಡಿಗಳಿಗೆ ಮುಟ್ಟಿಸುವ ಕೆಲಸವನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಈಗಿರುವ ಸಿಬ್ಬಂದಿಯಿಂದಲೇ ಶುರುಮಾಡಬಹುದು.