ಬಿ. ನಾಗಿರೆಡ್ಡಿಯವರ ಚಿತ್ರೋದ್ಯಮ: ಒಂದು ಚಾರಿತ್ರಿಕ ವಿವೇಚನೆ

ಚಲನಚಿತ್ರದ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ನಟರನ್ನೂ ನಿರ್ದೇಶಕರನ್ನೂ ಕುರಿತೇ ಬರೆಯುತ್ತಾರೆ. ನಿರ್ಮಾಪಕನನ್ನು ಬಂಡವಾಳ ಹೂಡಿದವನೆಂದಷ್ಟೇ ಎಣಿಸುತ್ತಾರೆ. ಈ ಎಣಿಕೆ ಎಷ್ಟು ಅಪೂರ್ಣವೆಂಬುದು ತೆಲುಗು ಚಿತ್ರರಂಗದ ಬಿ. ನಾಗಿರೆಡ್ಡಿಯವರ (1912-2004) ಕಾರ್ಯವನ್ನು ಪರಿಶೀಲಿಸಿದರೆ ತಿಳಿಯುವುದು.

ಕಡಪ ಜಿಲ್ಲೆಯ ಪೊಟ್ಟಿಪಾಡಿನಲ್ಲಿ ಜನಿಸಿದ ನಾಗಿರೆಡ್ಡಿಯವರು ಮದರಾಸಿನಲ್ಲಿ ಮುದ್ರಣಾಲಯವನ್ನು ನಡೆಸಿ, ಅನಂತರ ಚಿತ್ರನಿರ್ಮಾಣಕ್ಕೆ ಬಂದವರು. ಅವರೂ ಲೇಖಕರಾದ ಚಕ್ರಪಾಣಿಯವರೂ ಕೂಡಿ 1947ರಲ್ಲಿ ‘ಚಂದಮಾಮ’ವನ್ನು ತೆಲುಗು, ತಮಿಳುಗಳಲ್ಲಿ ಹೊರಡಿಸಿದರು; 1949ರಲ್ಲಿ ಅದು ಕನ್ನಡಕ್ಕೂ ಬಂದಿತು. ಒಂದೇ ಸಾಮಗ್ರಿಯನ್ನು ಹಲವು ಭಾಷೆಗಳ ಓದುಗರಿಗೆ ಒದಗಿಸುವ ಈ ಕ್ರಮವನ್ನೇ ಅವರ ವಿಜಯಾ ಸಂಸ್ಥೆಯ ಚಿತ್ರಗಳಲ್ಲಿಯೂ ಕಾಣುತ್ತೇವೆ. ‘ಪಾತಾಳ ಭೈರವಿ’ (1951), ‘ಮಿಸ್ಸಮ್ಮ’ (1955), ‘ಮಾಯಾಬಜಾರ್’ (1957) ಇವು ತೆಲುಗು, ತಮಿಳುಗಳೆರಡರಲ್ಲಿಯೂ ಸಿದ್ಧವಾದುವು. ‘ಮಿಸ್ಸಮ್ಮ’ದ ಎರಡು ರೂಪಗಳಿಗೂ ಎಲ್.ವಿ. ಪ್ರಸಾದರೇ ನಿರ್ದೇಶಕರು, ಸಾವಿತ್ರಿಯವರೇ ನಾಯಕಿ. ನಾಯಕರು ಮಾತ್ರ ತೆಲುಗಿನಲ್ಲಿ ಎನ್.ಟಿ. ರಾಮರಾಯರು, ತಮಿಳಿನಲ್ಲಿ ಜೆಮಿನಿ ಗಣೇಶನ್.

ಈ ವ್ಯವಸ್ಥೆಗೆ ಆಧಾರವಾದುದು ಸ್ಥಿರವಾದ ಕೆಲಸಗಾರರ ಬಳಗ. ಪಿಂಗಳಿ ನಾಗೇಂದ್ರರಾಯರ ಬರವಣಿಗೆ, ಮಾರ್ಕಸ್ ಬಾರ್ಟ್ಲಿಯವರ ಛಾಯಾಗ್ರಹಣ, ಗೋಖಲೆ ಮತ್ತು ಕಲಾಧರರ ಕಲಾನಿರ್ದೇಶನ ಚಿತ್ರದಿಂದ ಚಿತ್ರಕ್ಕೆ ಮುಂದುವರಿದುವು. ರಾಮರಾಯರೂ ಮೊದಲು ಮಾಸಿಕ ವೇತನದ ಕರಾರಿನ ಮೇಲೆಯೇ ಸಂಸ್ಥೆಯಲ್ಲಿ ದುಡಿದರು. ವಾಹಿನಿ ಸ್ಟುಡಿಯೋ ನಾಗಿರೆಡ್ಡಿಯವರ ಕೈಸೇರಿದ ಮೇಲೆ ಚಿತ್ರೀಕರಣದ ನೆಲೆಯೂ ಸ್ವಂತದ್ದಾಯಿತು. 1954ರ ‘ಚಂದ್ರಹಾರಂ’ ಸೋತಿತು. ಮರುವರ್ಷವೇ ‘ಮಿಸ್ಸಮ್ಮ’ ಗೆದ್ದಿತು. ಒಂದು ಚಿತ್ರದ ನಷ್ಟದಿಂದ ಸಂಸ್ಥೆ ಕುಸಿಯದುದಕ್ಕೆ ಅದೃಷ್ಟಕ್ಕಿಂತ ಈ ಬಳಗದ ಸ್ಥಿರತೆಯೇ ಕಾರಣವೆಂದು ನಮ್ಮ ಅಭಿಪ್ರಾಯ.

ಕಥೆಗಳ ಆಯ್ಕೆಯಲ್ಲಿಯೂ ಭಾಷೆ ಅಡ್ಡಿಯಾಗಲಿಲ್ಲ. ಬಿ. ವಿಠಲಾಚಾರ್ಯರ ಕನ್ನಡ ಚಿತ್ರ ‘ಮನೆ ತುಂಬಿದ ಹೆಣ್ಣು’ (1958) ವಿಜಯಾದ ‘ಗುಂಡಮ್ಮ ಕಥ’ಗೆ (1962) ಮೂಲವಾಯಿತು. ಉದ್ಯಮದ ನಾಯಕತ್ವವನ್ನೂ ವಹಿಸಿದ ನಾಗಿರೆಡ್ಡಿಯವರು ದಕ್ಷಿಣ ಭಾರತ ಚಲನಚಿತ್ರ ವಾಣಿಜ್ಯ ಮಂಡಲಿಯ ಅಧ್ಯಕ್ಷರಾಗಿದ್ದರು. ಅಣ್ಣ ಬಿ.ಎನ್. ರೆಡ್ಡಿಯವರಿಗೆ 1974ರ ಸಾಲಿನಲ್ಲಿ ಸಂದಿದ್ದ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ, 1986ರ ಸಾಲಿನಲ್ಲಿ ಇವರಿಗೂ ಸಂದಿತು.

ನಟರು ಚಿತ್ರಕ್ಕೊಂದರಂತೆ ಸಂಭಾವನೆ ಪಡೆಯುವ ಕಾಲ ಬಂದೊಡನೆ ಆ ವೇತನಪದ್ಧತಿ ಅಳಿಯಿತು. ಚಿತ್ರಗಳೇನೋ ಉಳಿದಿವೆ, ಆದರೆ ಅವನ್ನು ಸಾಧ್ಯವಾಗಿಸಿದ ದುಡಿಮೆಯ ವಿವರ ಇರುವುದು ಸಂಬಳದ ಪುಸ್ತಕ, ಕರಾರುಪತ್ರಗಳಂತಹ ಕಾಗದಗಳಲ್ಲಿ. ಸ್ಟುಡಿಯೋಗಳು ಮುಚ್ಚಿದಂತೆಲ್ಲ ಇಂತಹ ಕಾಗದಗಳು ರದ್ದಿಗೆ ಹೋಗುವ ಭಯವುಂಟು. ತರುಣ ಸಂಶೋಧಕರು ತಾರೆಯರ ಚರಿತ್ರೆಗಿಂತ ಮೊದಲು ಇವುಗಳತ್ತ ಗಮನ ಹರಿಸಬೇಕೆಂದು ನಾವು ಬಯಸುತ್ತೇವೆ.