ಕುಕ್ಕರ್ ಸೀಟಿ ಮತ್ತ ಡೆನ್ವರಿನ ಬ್ಯಾಂಡು

ದೀಪಾವಳಿಗೆ ಅಟ್ಟ ಸ್ವಚ್ಛ ಮಾಡೂಮುಂದ ನಮ್ಮ ಹಳೇ ಟೇಪ್ ರೆಕಾರ್ಡರ್ ಕೈಗೆ ಸಿಕ್ತು. ಒಳಗ ಒಂದು ಕ್ಯಾಸೆಟ್ ಸಿಕ್ಕೊಂಡಿತ್ತು. ನನ್ನ ಮಗನ್ನ ತೊಟ್ಟಿಲದಾಗ ಹಾಕಿದಾಗ ನಮ್ಮವ್ವ ಹಾಡಿದ ಜೋಗುಳದ ಹಾಡು ಅದರಾಗ ಅವ. ಅಡಗಿಮನ್ಯಾಗ ರೆಕಾರ್ಡ್ ಮಾಡಿದ್ದಕ್ಕ ನಡುನಡುವ ಕುಕ್ಕರ್ ಸೀಟಿ, ಭಾಂಡೆ ಸಪ್ಪಳ. ಅದಕ್ಕ ನಾಚಿಕಿ ಬಂದು ಯಾರಿಗೂ ಕೇಳಿಸಿರಲಿಲ್ಲ. ಅವ್ವ ಈಗಿಲ್ಲ. ನಮ್ಮನಿಯವರು "ಆ ಡಬ್ಬಾ ಗುಜರಿಗೆ ಹಾಕಿಬಿಡು" ಅಂದ್ರು. ಮಗ ಮಾತ್ರ "ಅವ್ವಾ, ಮನ್ಯಾಗ ಇಂಥಾದರಾಗೇ ರೆಕಾರ್ಡ್ ಮಾಡಿ ಹೆಸರು ಮಾಡಿದವರು ಇದ್ದಾರ" ಅಂತ ಮೊಬೈಲ್‌ನ್ಯಾಗ ಒಂದು ಇಂಗ್ಲಿಷ್ ಹಾಡು ಹಚ್ಚಿದ. ಬ್ಯಾಂಡಿನ ಹೆಸರು ದಿ ಆ್ಯಪಲ್ಸ್ ಇನ್ ಸ್ಟೀರಿಯೋ. ಭಕ್ರಿ ಬಡೀತಾ ಕೇಳಿದೆ, ಛಲೋ ಅನಿಸ್ತು. ಆಮ್ಯಾಲೆ ಅವರ ಕಥಿ ಓದಿಕೋತ ಕೂತೆ.

ಇವರ ಸಂಗೀತಕ್ಕ ಸೈಕೆಡೆಲಿಕ್ ಪಾಪ್ ಅಂತಾರ. 1966-67ರ ಸುಮಾರಿಗೆ ಬೀಟಲ್ಸ್, ಬೀಚ್ ಬಾಯ್ಸ್ ಇಂಥವರೆಲ್ಲಾ ಟೇಪನ್ನ ಉಲ್ಟಾ ತಿರುಗಿಸಿ, ಧ್ವನಿ ಮ್ಯಾಲೆ ಧ್ವನಿ ಪೇರಿಸಿ, ಕನಸಿನ್ಯಾಗ ಕೇಳಿದಂಗ ಹಾಡು ಮಾಡಿದ್ರಲ್ಲಾ, ಆ ಪದ್ಧತಿ. ಅವರ ಕಡೆ ದೊಡ್ಡ ಸ್ಟುಡಿಯೋ ಇದ್ವು. ಇಪ್ಪತ್ತೈದು ವರ್ಷದ ಮ್ಯಾಲೆ ಅದನ್ನೇ ಮನ್ಯಾಗ ಮಾಡಲಿಕ್ಕೆ ಹೊಂಟವರು ಅಮೆರಿಕಾದ ನಾಲ್ಕು ಹುಡುಗೂರು.

ಅವರು ಲೂಯಿಸಿಯಾನಾ ರಾಜ್ಯದ ರಸ್ಟನ್ ಅನ್ನೋ ಸಣ್ಣ ಊರಿನವರು. ರಾಬರ್ಟ್ ಶ್ನೈಡರ್, ಬಿಲ್ ಡಾಸ್, ವಿಲ್ ಕಲೆನ್ ಹಾರ್ಟ್, ಜೆಫ್ ಮ್ಯಾಂಗಮ್. ಸಾಲಿ ದೋಸ್ತರು. ಮನ್ಯಾಗ ಹಾಡು ರೆಕಾರ್ಡ್ ಮಾಡಿ ಕ್ಯಾಸೆಟ್ ಒಬ್ಬರಿಗೊಬ್ಬರು ಕೊಡೋದು, ನಾವು ಉಪ್ಪಿನಕಾಯಿ ಬಟ್ಟಲಾ ಕೊಟ್ಟು ತೊಗೊಂಡಂಗ. ಎಲ್ಲಾರೂ ಕೂಡಿ ತಮ್ಮ ಗುಂಪಿಗೆ ಎಲಿಫೆಂಟ್ 6 ಅಂತ ಹೆಸರಿಟ್ರು.

ಅವರ ಹತ್ರ ಇದ್ದದ್ದು ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಮಷೀನು. ಟೇಪಿನ ಪಟ್ಟಿ ಮ್ಯಾಲೆ ನಾಲ್ಕು ಸಾಲು ಅಂತ ತಿಳೀರಿ. ಒಂದರಾಗ ಡ್ರಮ್, ಒಂದರಾಗ ಗಿಟಾರ್, ಇನ್ನೊಂದರಾಗ ಬೇಸ್ ತುಂಬೋದು. ಆಮ್ಯಾಲೆ ಆ ಮೂರನ್ನೂ ಕೂಡಿಸಿ ನಾಲ್ಕನೇದಕ್ಕ ಇಳಿಸಿದ್ರ ಮೂರು ಸಾಲು ಮತ್ತ ಖಾಲಿ. ಅವುಗಳಾಗ ಮತ್ತಷ್ಟು ಹಾಡು, ಘಂಟಿ, ಚಪ್ಪಾಳಿ. ಆದ್ರ ಒಮ್ಮೆ ಕೂಡಿಸಿದ್ದು ಸಾರಿಗೆ ಹಾಕಿದ ಉಪ್ಪಿದ್ದಂಗ, ತಿರುಗಿ ತಗೀಲಿಕ್ಕೆ ಬರಂಗಿಲ್ಲ. ಇಳಿಸಿದಷ್ಟು ಸಲ ಟೇಪಿನ ಸುಂಯ್ ಸಪ್ಪಳನೂ ಏರತದ. ಹಂಗಾಗಿ ಮೊದಲಿಗೇ ಕಿವಿಗೊಟ್ಟು ಹದ ನೋಡಬೇಕು.

ರಾಬರ್ಟ್ ಕಾಲೇಜಿಗಂತ ಕೊಲರಾಡೋಕ್ಕ ಬಂದ. ಡೆನ್ವರ್ ಕಡೆ ದಿನಾ ಬಸ್ಸಿನ್ಯಾಗ ಜಿಮ್ ಮೆಕಿಂಟೈರ್ ಅನ್ನೋನನ್ನ ಮಾತಾಡಸ್ತಿದ್ದ. ಆ ಮನುಷ್ಯಾಗ ಇವನ ಮಾತಿನ ಕಿರಿಕಿರಿ. ಒಂದಿನ "ನಿಂಗ ಯಾರ ಸಂಗೀತ ಸೇರತದ" ಅಂತ ಕೇಳಿದ್ರ, ಬೀಚ್ ಬಾಯ್ಸ್ ಅಂದ. ರಾಬರ್ಟಗೂ ಅವರೇ ಜೀವ! ಅಲ್ಲಿಂದ ದೋಸ್ತಿ ಕೂಡಿತು. ಜಿಮ್ ಮೂಲಕ ಡ್ರಮ್ ಬಾರಿಸೋ ಹಿಲರಿ ಸಿಡ್ನಿ ಪರಿಚಯ ಆದ್ಲು. 1992ರಾಗ ಬ್ಯಾಂಡ್ ಹುಟ್ಟಿತು. 1993ರ ಇವರ ಸಣ್ಣ ರೆಕಾರ್ಡೇ ಎಲಿಫೆಂಟ್ 6 ಹೆಸರಿನ್ಯಾಗ ಬಂದ ಮೊದಲನೇದು. 1995ರಾಗ ಪೂರಾ ಆಲ್ಬಮ್, 'ಫನ್ ಟ್ರಿಕ್ ನಾಯ್ಸ್‌ಮೇಕರ್'. ಜಿಮ್‌ನ ಮನ್ಯಾಗೇ ಸ್ಟುಡಿಯೋ ಮಾಡಿ, ಬೀಚ್ ಬಾಯ್ಸ್ ಆಲ್ಬಮ್‌ದೇ ಹೆಸರು, ಪೆಟ್ ಸೌಂಡ್ಸ್ ಅಂತ, ಇಟ್ರು. ದೋಸ್ತ ಜೆಫ್‌ನ ಬ್ಯಾಂಡಿನ 1998ರ ಆಲ್ಬಮ್ಮನ್ನೂ ರಾಬರ್ಟನೇ ಅಲ್ಲಿ ಕೂತು ರೆಕಾರ್ಡ್ ಮಾಡಿದ. ಅದು ಇವರೆಲ್ಲಾರ ಕೆಲಸಕ್ಕಿಂತ ಹೆಚ್ಚು ಹೆಸರಾತು. ನಮ್ಮ ಮಕ್ಕಳು ಸಾಲಿಯಿಂದ ಬಂದು ನೋಡ್ತಿದ್ದ ಪವರ್‌ಪಫ್ ಗರ್ಲ್ಸ್ ಕಾರ್ಟೂನ್ ಸಲುವಾಗಿ 2000ದಾಗ ಒಂದು ಹಾಡನ್ನೂ ಮಾಡ್ಯಾರ.

ಸಂಸಾರ ಅಂದ್ರ ಎಲ್ಲಾ ಕಡೆ ಒಂದೇ ನೋಡ್ರಿ. ರಾಬರ್ಟ್-ಹಿಲರಿ ಲಗ್ನಾ ಆದ್ರು, ಮಗ ಹುಟ್ಟಿದ, ಮುಂದ ಬ್ಯಾರೆ ಆದ್ರು. ಆದ್ರೂ ಒಂದೇ ಬ್ಯಾಂಡಿನ್ಯಾಗ ಕೂಡೇ ಬಾರಿಸಿದ್ರು. 2006ರಾಗ ಆಕಿ ಬಿಟ್ಲು. 2002ರ ಆಲ್ಬಮ್ ಆದಮ್ಯಾಲೆ ಮುಂದಿಂದು, 'ನ್ಯೂ ಮ್ಯಾಗ್ನೆಟಿಕ್ ವಂಡರ್', ಬಂದದ್ದು 2007ಕ್ಕ. ಉಂಗುರದ ಸಿನಿಮಾದಾಗ ಫ್ರೋಡೋ ಆಗಿದ್ದ ನಟ ಎಲೈಜಾ ವುಡ್ ತನ್ನ ಸಣ್ಣ ಕಂಪನಿಯಿಂದ ಅದನ್ನ ತಂದ. ಅದರಾಗ ಲಾಗರಿದಮ್ ಲೆಕ್ಕದ ಮ್ಯಾಲೆ ತಾನೇ ಕಟ್ಟಿದ ಸ್ವರಗಳ ಮೇಳನೂ ರಾಬರ್ಟ್ ಬಳಸ್ಯಾನ. 2010ರಾಗ ಇನ್ನೊಂದು ಆಲ್ಬಮ್ ಬಂತು.

ಲಾಗರಿದಮ್ ಎಲ್ಲಿಂದ ಬಂತು ಅಂದ್ರ, ಒಂದು ಕೆಟ್ಟ ಟೇಪ್ ಮಷೀನಿನಿಂದ. ಅದನ್ನ ರಿಪೇರಿ ಮಾಡಲಿಕ್ಕೆ ಹೋಗಿ ಎಲೆಕ್ಟ್ರಾನಿಕ್ಸ್ ಓದಿದ, ಓಮ್‌ನ ನಿಯಮ ಕಂಡು ಬೆರಗಾದ, ಗಣಿತದ ಹುಚ್ಚು ಹಿಡೀತು. ನಾನೂ ಪಿಯುಸಿ ಸೈನ್ಸಿನ್ಯಾಗ ಅದೇ ನಿಯಮ ಬಾಯಿಪಾಠ ಮಾಡಿದ್ದೆ, ಮಾರ್ಕ್ಸಿಗೆ. ಪರೀಕ್ಷಾ ಮುಗೀತು, ಲಗ್ನ ಆತು, ಮರತೆ. ಅಂವ ಮತ್ತ ಕಾಲೇಜಿಗೆ ಹೋಗಿ ಡಿಗ್ರಿ ಮುಗಿಸಿ, 45 ದಾಟಿದಮ್ಯಾಲೆ, 2018ರಾಗ, ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ತೊಗೊಂಡ.

ವಿಷಯ ಯಾವುದು ಗೊತ್ತೇನ್ರಿ? ನಮ್ಮ ರಾಮಾನುಜನ್ ತಲಿ ಕೆಡಿಸಿಕೊಂಡಿದ್ದ ಪಾರ್ಟಿಶನ್. ನಾಲ್ಕು ಉಂಡಿ ಅವ ಅನ್ರಿ. ನಾಲ್ಕೂ ಒಂದೇ ಕಡೆ, ಮೂರು-ಒಂದು, ಎರಡು-ಎರಡು, ಎರಡು-ಒಂದು-ಒಂದು, ಇಲ್ಲಾ ಒಂದೊಂದೇ. ಐದೇ ರೀತಿ. ನೂರು ಉಂಡಿ ಆದ್ರ 19,05,69,292 ರೀತಿ! ಇಂಥಾ ದೊಡ್ಡ ಸಂಖ್ಯಾ ಅಂದಾಜು ಮಾಡೋ ಸೂತ್ರವನ್ನ ರಾಮಾನುಜನ್ ಮತ್ತ ಹಾರ್ಡಿ 1918ರಾಗ ಪ್ರಕಟ ಮಾಡಿದ್ರು. ಕಾಲೇಜು ಪರೀಕ್ಷಾದಾಗ ನಪಾಸಾಗಿ ಮದ್ರಾಸ್ ಬಂದರಿನ್ಯಾಗ ಗುಮಾಸ್ತಕಿ ಮಾಡಿದಾಂವ ನಮ್ಮ ರಾಮಾನುಜನ್. ಅವನ ಲೆಕ್ಕದ ಬೆನ್ನು ಹತ್ತಿ ನೂರು ವರ್ಷದ ಮ್ಯಾಲೆ ಒಬ್ಬ ಗಿಟಾರಿನಾಂವ ಡಾಕ್ಟರ್ ಆದ.

ಇತ್ತ ಬಿಲ್ ಡಾಸ್ 2012ರಾಗ, ವಿಲ್ ಹಾರ್ಟ್ 2024ರಾಗ ತೀರಿಕೊಂಡ್ರು. ಮನ್ಯಾಗ ಕೂತು ತುಂಬಿದ ಅವರ ದನಿ ಟೇಪಿನ್ಯಾಗ ಉಳದಾವ.

ಇದನ್ನ ಓದಿದಮ್ಯಾಲೆ ನಾನು ಡಬ್ಬಾ ಗುಜರಿಗೆ ಹಾಕಲಿಲ್ಲ, ರಿಪೇರಿಗೆ ಒಯ್ದೆ. ಬೆಲ್ಟ್ ಸಡಲಾಗಿತ್ತಂತ, ಅಷ್ಟೇ. ಮಗ ಹಾಡನ್ನ ಕಂಪ್ಯೂಟರಿಗೆ ಹಾಕಿ "ಸೀಟಿ ತಗದು ಸ್ವಚ್ಛ ಮಾಡ್ಲೇನು" ಅಂದ. ಬ್ಯಾಡಪಾ ಅಂದೆ. ಮೂರನೇ ಸೀಟಿ ಆದಕೂಡ್ಲೇ ಅವ್ವ ಜೋಗುಳ ನಿಲ್ಲಿಸಿ, "ಏ, ಗ್ಯಾಸ್ ಸಣ್ಣ ಮಾಡs" ಅಂತ ನಂಗ ಬೈದಾಳ. ಆಮ್ಯಾಲೆ ಬಿಟ್ಟಲ್ಲಿಂದನೇ ಹಾಡು ಎತ್ತಿಕೊಂಡಾಳ.